ಬಿಲ್ಡರುಗಳು ವಿಧಾನಸೌಧಕ್ಕೆ ಹೋದಾಗ ನಾವು ಎಲ್ಲಿದ್ದೆವು?

ಕಳೆದ ತಿಂಗಳು ಒಂದು ಭಾನುವಾರ ಅಲ್ ಕೂಜ್‌ನ ನಮ್ಮ ರೂಮಿಗೆ ಬಂಟ್ವಾಳ ಕಡೆಯ ಡ್ರೈವರ್ ಒಬ್ಬರು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಬಂದರು. "ನೀವು ಲೆಕ್ಕದವರಲ್ವಾ, ಇದನ್ನೊಮ್ಮೆ ನೋಡಿ" ಎಂದರು. 2014ರಲ್ಲಿ ಮಂಗಳೂರಿನ ಹೊರವಲಯದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬುಕ್ ಮಾಡಿದ್ದಾರೆ. 28 ಲಕ್ಷದಲ್ಲಿ 21 ಲಕ್ಷ ಕಟ್ಟಿಯಾಗಿದೆ, ಎಲ್ಲದಕ್ಕೂ ರಶೀದಿ ಉಂಟು. ಮುಂದಿನ ಬ್ಲಾಕಿನಲ್ಲಿ ಜನ ವಾಸ ಇದ್ದಾರೆ. ಇವರ ಹಿಂದಿನ ಬ್ಲಾಕಿಗೆ ಇವತ್ತಿಗೂ ಲಿಫ್ಟಿಲ್ಲ, ನೀರಿನ ಕನೆಕ್ಷನ್ ಇಲ್ಲ. ರೇರಾಕ್ಕೆ ದೂರು ಕೊಡ್ತೇನೆ ಎಂದದ್ದಕ್ಕೆ ಬಿಲ್ಡರ್ ನಕ್ಕು ಹೇಳಿದನಂತೆ: "ಕೊಡಿ ಕಾಕಾ, ನಮ್ಮ ಪ್ರಾಜೆಕ್ಟ್ ರೇರಾದೊಳಗೆ ಬರುವುದೇ ಇಲ್ಲ."

ಅವನಿಗೆ ಹಾಗೆ ಹೇಳುವ ಧೈರ್ಯ ಎಲ್ಲಿಂದ ಬಂತು ಎಂಬುದೇ ನನ್ನ ಸಿಟ್ಟು.

ರೇರಾ ಕಾಯ್ದೆಯನ್ನು ಸಂಸತ್ತು ಪಾಸು ಮಾಡಿದ್ದು 2016ರ ಮಾರ್ಚ್‌ನಲ್ಲಿ. ಗಿರಾಕಿ ಕೊಟ್ಟ ಹಣದಲ್ಲಿ ನೂರಕ್ಕೆ 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು, ಅದೇ ಯೋಜನೆಯ ಜಾಗಕ್ಕೂ ಕಟ್ಟಡಕ್ಕೂ ಮಾತ್ರ ತೆಗೆಯಬೇಕು. ಅಕೌಂಟೆಂಟ್ ಆಗಿ ಹೇಳ್ತೇನೆ, ಇಡೀ ಕಾಯ್ದೆಯ ಜೀವ ಇರುವುದು ಇಲ್ಲಿ. ನಿಮ್ಮ ದುಡ್ಡಿನಲ್ಲಿ ಬಿಲ್ಡರ್ ಇನ್ನೊಂದು ಕಡೆ ಜಾಗ ತೆಗೆಯುವುದೇ ಅರ್ಧ ಕಟ್ಟಡಗಳ ಮೂಲ ಕಾರಣ. 2013ರ ಮಸೂದೆಯಲ್ಲಿದ್ದ ಈ 70 ನಡುವೆ 2015ರಲ್ಲಿ 50ಕ್ಕೆ ಇಳಿದಿತ್ತು. ಗದ್ದಲವಾದ ಮೇಲೆ ಪುನಃ 70 ಆಯಿತು. ಕಾಯ್ದೆ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿತು: ಕಂಪ್ಲೀಷನ್ ಸರ್ಟಿಫಿಕೇಟ್ ಸಿಗದೆ ನಡೆಯುತ್ತಿರುವ ಹಳೆಯ ಯೋಜನೆಗಳೂ ನೋಂದಣಿ ಆಗಬೇಕು. ನಮ್ಮಂಥವರ ಹಣ ಸಿಕ್ಕಿಬಿದ್ದದ್ದು ಹಳೆಯ ಯೋಜನೆಗಳಲ್ಲೇ ಅಲ್ವಾ?

ಆದರೆ ನಿಯಮ ಬರೆಯುವ ಕೆಲಸ ರಾಜ್ಯಗಳದ್ದು. ದಿಲ್ಲಿಯಲ್ಲಿ ಸೋತ ಮಾತನ್ನು ಬಿಲ್ಡರುಗಳು ಬೆಂಗಳೂರಿನಲ್ಲಿ ಎತ್ತಿದರು. ನಡೆಯುತ್ತಿರುವ ಯೋಜನೆಗಳನ್ನು ಹೊರಗಿಡಿ ಎಂದು ಬಹಿರಂಗವಾಗಿಯೇ ಕೇಳಿದರು. 2017ರ ಜುಲೈಯಲ್ಲಿ ಕರ್ನಾಟಕದ ನಿಯಮ ಹೊರಬಂದಾಗ "ನಡೆಯುತ್ತಿರುವ ಯೋಜನೆ" ಎಂಬ ಪದಕ್ಕೆ ಒಂದು ವಿವರಣೆ ಸೇರಿತ್ತು. ಕೆಲಸ ಮುಗಿದಿದೆ ಎಂದು ಏಜೆನ್ಸಿ ಬರೆದುಕೊಟ್ಟು, ನೂರಕ್ಕೆ 60 ಮನೆಗಳ ಕ್ರಯಪತ್ರ ರಿಜಿಸ್ಟರ್ ಆಗಿದ್ದರೆ ವಿನಾಯಿತಿ. ಕೆಲಸ ಮುಗಿದಿದೆ ಎಂದು ಬರೆಸಿ ಕಂಪ್ಲೀಷನ್ ಸರ್ಟಿಫಿಕೇಟಿಗೆ ಬರೀ ಅರ್ಜಿ ಹಾಕಿದ್ದರೂ ವಿನಾಯಿತಿ. ಕಾಯ್ದೆ ಕೇಳಿದ್ದು ಸರ್ಟಿಫಿಕೇಟ್, ನಮ್ಮ ರಾಜ್ಯ ಅರ್ಜಿಯನ್ನೇ ಸಾಕು ಎಂದಿತು! ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ ಎಂದು ಹೇಳಿ ನೀವು ವಿಮಾನ ಹತ್ತಿ ನೋಡಿ.

ನಮ್ಮ ಡ್ರೈವರ್ ಉಳಿದ 40ರಲ್ಲಿ ಒಬ್ಬರು.

ಬಿಲ್ಡರುಗಳು ಮಂತ್ರಿಯನ್ನು ಕಾಣುವುದು ತಪ್ಪೆಂದು ನಾನು ಹೇಳುವುದಿಲ್ಲ. ಅವರಿಗೆ ಸಂಘ ಉಂಟು, ವಕೀಲರಿದ್ದಾರೆ, ಶಾಸಕರಲ್ಲೇ ಆ ವ್ಯವಹಾರದವರಿದ್ದಾರೆ. ಬೆಂಗಳೂರಿನ ಫ್ಲ್ಯಾಟ್ ಖರೀದಿದಾರರೂ ಸುಮ್ಮನಿರಲಿಲ್ಲ, ಮನವಿ ಕೊಟ್ಟರು, ಬೀದಿಗೆ ಇಳಿದರು. ಕರಾವಳಿಯ ಅಷ್ಟೊಂದು ಕಟ್ಟಡಗಳಿಗೆ ಹಣ ಕಳಿಸಿದ ನಾವು ಒಂದು ಕಾಗದ ಬರೆದೆವಾ? ಓಟು ಹಾಕಬೇಕಾದರೆ ನಾವು ಊರಿಗೇ ಹೋಗಬೇಕು, ಹಾಗಾಗಿ ನಮ್ಮ ಸಿಟ್ಟಿಗೆ ಯಾವ ಶಾಸಕನೂ ಹೆದರುವುದಿಲ್ಲ. ಓಟಿಲ್ಲದಿದ್ದರೆ ಸಂಘದ ಬಾಯಿಯಾದರೂ ಬೇಕಿತ್ತು.

ಇನ್ನೊಂದು ವಿಷಯ ನಮ್ಮವರದ್ದೇ. ಬಡ್ಡಿ ಬೇಡವೆಂದು ನಾವು ಬ್ಯಾಂಕ್ ಸಾಲ ಮಾಡದೆ ಕೈಯಿಂದಲೇ ಕಟ್ಟುತ್ತೇವೆ. ಒಳ್ಳೆಯದೇ. ಆದರೆ ಸಾಲ ಕೊಡುವ ಬ್ಯಾಂಕಿನ ವಕೀಲ ಕಾಗದಪತ್ರ ನೋಡುತ್ತಾನೆ. ನಮ್ಮದನ್ನು ಯಾರೂ ನೋಡುವುದಿಲ್ಲ. ಊರಿನ ಪರಿಚಯ, ಸಲಾಂ, ಒಂದು ಬಿರಿಯಾನಿ, ಅಷ್ಟಕ್ಕೆ ಹತ್ತು ಲಕ್ಷ ಹೋಗ್ತದೆ. ಮೋಸವಾದ ಮೇಲೆ "ರೇರಾ ಬಡ್ಡಿ ಸೇರಿಸಿ ಕೊಡಿಸ್ತದೆ, ಅದು ನಮಗೆ ಬೇಡ" ಎಂದು ದೂರೇ ಕೊಡದವರನ್ನು ನೋಡಿದ್ದೇನೆ. ಬಡ್ಡಿ ಬೇಡವಾದರೆ ಬಿಡಿ ಮಾರಾಯ್ರೆ, ಅಸಲು ನಿಮ್ಮ ಬೆವರಲ್ವಾ?

ನಾವು ಕೂತಿರುವ ದುಬೈಯಲ್ಲೇ 2007ರ 8ನೇ ಕಾನೂನು ಗಿರಾಕಿಯ ಹಣಕ್ಕೆ ಎಸ್ಕ್ರೋ ಖಾತೆ ಕಡ್ಡಾಯ ಮಾಡಿದೆ. ಇಲ್ಲಿಯೂ ಮುಂದೆ ಯೋಜನೆಗಳು ನಿಂತದ್ದುಂಟು. ಆದರೆ ನಿಮ್ಮ ಹಣ ಯಾವ ಖಾತೆಯಲ್ಲಿ ಎಂದು ಕೇಳಿದರೆ ಇಲ್ಲಿ ಯಾರೂ ನಗುವುದಿಲ್ಲ.

ಡ್ರೈವರಿಗೆ ನಾನು ಹೇಳಿದ್ದು: ದೂರು ಕೊಡಿ, ಇಲ್ಲಿಂದಲೇ ಆನ್‌ಲೈನಿನಲ್ಲಿ ಆಗ್ತದೆ. 2021ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಂಪ್ಲೀಷನ್ ಸರ್ಟಿಫಿಕೇಟ್ ಸಿಗದ ಹಳೆಯ ಯೋಜನೆಗಳಿಗೂ ಕಾಯ್ದೆ ಅನ್ವಯಿಸ್ತದೆ ಎಂದಿದೆ. ಬಿಲ್ಡರಿನ ನಗುವಿಗೆ ಅದನ್ನು ತೋರಿಸಿ. ಸುಲಭ ಎಂದು ನಾನು ಹೇಳುವುದಿಲ್ಲ. ಕರ್ನಾಟಕ ರೇರಾ ಆದೇಶ ಮಾಡಿದರೂ ವಸೂಲಿಗೆ ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು, ಅಲ್ಲಿ ನೂರಾರು ಕೋಟಿ ಬಾಕಿ ಉಳಿದಿದೆ. ವಸೂಲಿಗೆ ಪ್ರತ್ಯೇಕ ಸಿಬ್ಬಂದಿ ಕೊಡಿ, 2017ರ ಆ ವಿವರಣೆ ತೆಗೆಯಿರಿ ಎಂದು ನಮ್ಮ ಸಂಘಟನೆಗಳೆಲ್ಲ ಸೇರಿ ಸರಕಾರಕ್ಕೂ, ಅನಿವಾಸಿ ಭಾರತೀಯ ಸಮಿತಿಗೂ, ಜಿಲ್ಲೆಯ ಎಲ್ಲಾ ಶಾಸಕರಿಗೂ ಬರೆಯಬೇಕು. ಅವರು ಇಲ್ಲಿಗೆ ಬಂದಾಗ ಶಾಲು ಹೊದೆಸಿ ಫೋಟೋ ತೆಗೆಯುವ ಮೊದಲು ಉತ್ತರ ಕೇಳಬೇಕು.

ಬರೆಯುವ ಮೊದಲು ನಮ್ಮ ಸ್ಟೇಜಿನ ಹಿಂದಿನ ಬ್ಯಾನರನ್ನೂ ನೋಡೋಣ. ನಮ್ಮ ಸ್ನೇಹಕೂಟಗಳಲ್ಲಿ ಬಿಲ್ಡರುಗಳ ಹೆಸರು ನಮ್ಮ ಹೆಸರಿಗಿಂತ ದೊಡ್ಡದಾಗಿರ್ತದೆ. ಅವರ ಸ್ಟಾಲಿನಲ್ಲಿ ರೇರಾ ನಂಬರ್ ಉಂಟಾ ಎಂದು ನಾವು ಯಾರಾದರೂ ಕೇಳಿದ್ದೇವಾ? ಹೋದ ಸಲದ ಲೆಕ್ಕ ಬರೆದವನು ನಾನೇ, ನಾನೂ ಕೇಳಲಿಲ್ಲ. ಹಾಲ್, ಊಟ, ಮಕ್ಕಳ ಬಹುಮಾನ ಸೇರಿ ಪ್ರಾಯೋಜಕರಿಂದ ಬಂದದ್ದನ್ನು ತಲೆಗೆ ಹಂಚಿ ನೋಡಿದೆ: ಒಬ್ಬೊಬ್ಬರಿಗೆ 22 ದಿರ್ಹಂ. ಈ ವರ್ಷ ನನ್ನ 22 ದಿರ್ಹಂ ಮೊದಲೇ ಖಜಾಂಚಿಗೆ ಕೊಟ್ಟಿದ್ದೇನೆ.