ಹರಮ್‌ಗೆ ಎಷ್ಟು ಮೀಟರ್? ಅದೊಂದೇ ಪ್ರಶ್ನೆ ಸಾಲದು

ಉಮ್ರಾ ಪ್ಯಾಕೇಜ್ ಕೊಳ್ಳಲು ಹೋದಾಗ ನಾವು ಕೇಳುವ ಮೊದಲ ಪ್ರಶ್ನೆ, ‘ರೂಮ್ ಹರಮ್‌ನಿಂದ ಎಷ್ಟು ಮೀಟರ್?’ ಎರಡನೆಯದು, ‘ಊಟ ನಮ್ಮ ಕಡೆಯದಾ?’ ಈ ಎರಡಕ್ಕೂ ಒಪ್ಪುವಂತಹ ಉತ್ತರ ಸಿಕ್ಕಿದರೆ ಮುಂಗಡ ಕೊಟ್ಟು ಎದ್ದು ಬರುತ್ತೇವೆ. ಆ ರೂಮಿನಲ್ಲಿ ಎಷ್ಟು ಮಂಚಗಳಿವೆ, ಎಷ್ಟು ಜನಕ್ಕೆ ಒಂದು ಬಾತ್‌ರೂಮ್, ಕಿಟಕಿ ತೆರೆಯುತ್ತದೆಯೇ, ಲಿಫ್ಟ್ ಎಷ್ಟಿವೆ ಎಂದು ಕೇಳುವವರು ಬಹಳ ಕಡಿಮೆ. ಎರಡು ವಾರ ನಮ್ಮ ವಯಸ್ಸಾದ ತಾಯಿ-ತಂದೆಯರ ಆರೋಗ್ಯ ನಿಂತಿರುವುದು ಈ ಕೇಳದೇ ಬಿಟ್ಟ ಪ್ರಶ್ನೆಗಳ ಮೇಲೆ ಎಂಬುದೇ ನನ್ನ ಮಾತು.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಕಡಿಮೆ ಬಾಡಿಗೆಯ ವಸತಿಯ ವಿರುದ್ಧ ನಾನು ಬರೆಯುತ್ತಿಲ್ಲ. ಮಕ್ಕಾದ ಮಿಸ್ಫಲಾ, ಅಜ್ಯಾದ್, ಜರ್ವಲ್‌ನಂತಹ ಬಡಾವಣೆಗಳ ಸಾಧಾರಣ ಹೋಟೆಲ್‌ಗಳು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಕುಟುಂಬಗಳಿಗೆ ಉಮ್ರಾ ಕನಸಾಗಿಯೇ ಉಳಿಯುತ್ತಿತ್ತು. ಬೀಡಿ ಕಟ್ಟಿ, ಬಟ್ಟೆ ಹೊಲಿದು, ಚೀಟಿ ಕಟ್ಟಿ ಕೂಡಿಟ್ಟ ಹಣದಲ್ಲಿ ಹೋಗುವವರಿಗೆ ಹರಮ್ ಎದುರಿನ ಗೋಪುರದ ಹೋಟೆಲ್ ಎಟುಕುವುದಿಲ್ಲ, ಎಟುಕಬೇಕಾಗಿಯೂ ಇಲ್ಲ. ದುಬಾರಿ ಬಾಡಿಗೆ ಆರೋಗ್ಯಕ್ಕೆ ಗ್ಯಾರಂಟಿಯೂ ಅಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆದದ್ದು ಹೆಸರಾಂತ ದೊಡ್ಡ ಹೋಟೆಲಿನಲ್ಲಿ. ಅಲ್ಲಿಂದ ಹೋದವರಲ್ಲಿ ಹಲವರು ವಿಚಿತ್ರ ನ್ಯುಮೋನಿಯಾದಿಂದ ಸತ್ತರು. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ಗುರುತಿಸಿದ್ದು ಆ ಘಟನೆಯ ನಂತರವೇ. ನಿಂತ ಬೆಚ್ಚಗಿನ ನೀರಿನಲ್ಲಿ ಬೆಳೆಯುವ ಜೀವಿ ಅದು. ಆದ್ದರಿಂದ ಬಾಡಿಗೆ ಎಷ್ಟು ಎಂಬುದಕ್ಕಿಂತ ಆ ಕೋಣೆಯಲ್ಲಿ ಗಾಳಿ, ನೀರು, ನಿದ್ದೆ, ಶೌಚದ ವ್ಯವಸ್ಥೆ ಹೇಗಿದೆ ಎಂಬುದು ದೊಡ್ಡ ಪ್ರಶ್ನೆ.

ಯುನಾನಿ ವೈದ್ಯಶಾಸ್ತ್ರದಲ್ಲಿ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂಬ ಮಾತಿದೆ. ಅಂದರೆ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳು: ಗಾಳಿ, ಆಹಾರ ಮತ್ತು ಪಾನೀಯ, ದೇಹದ ಶ್ರಮ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ಶಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು, ಹೊರಹೋಗಬೇಕಾದದ್ದು ಹೊರಹೋಗುವುದು. ಇಬ್ನ್ ಸೀನಾರಂತಹ ಹಕೀಮರು ಇದನ್ನು ವಿಸ್ತಾರವಾಗಿ ಬರೆದಿದ್ದಾರೆ. ಮನೆಯಲ್ಲಿರುವಾಗ ಈ ಆರೂ ನಮ್ಮ ಕೈಯಲ್ಲಿರುತ್ತವೆ. ಹಂಚಿಕೊಂಡ ರೂಮಿನಲ್ಲಿ ಆರೂ ಬೇರೆಯವರೊಂದಿಗೆ ಹಂಚಿಹೋಗುತ್ತವೆ.

ನೀರು ಕುಡಿಯದ ತಾಯಂದಿರು

ಆರನೆಯ ಕಾರಣದಿಂದಲೇ ಆರಂಭಿಸುತ್ತೇನೆ. ಜನ ಸಂಕೋಚದಿಂದ ಮಾತನಾಡದ ವಿಷಯವದು.

ಅಗ್ಗದ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ ಗಂಡಸರಿಗೆ ಒಂದು ರೂಮ್, ಹೆಂಗಸರಿಗೆ ಇನ್ನೊಂದು. ಒಂದೊಂದರಲ್ಲಿ ನಾಲ್ಕೈದು ಮಂಚ, ಒಂದು ಬಾತ್‌ರೂಮ್. ಮಗ ಒಂದು ಮಹಡಿಯಲ್ಲಿ, ತಾಯಿ ಇನ್ನೊಂದು ಮಹಡಿಯಲ್ಲಿ, ಪರಿಚಯವಿಲ್ಲದ ನಾಲ್ವರ ನಡುವೆ. ಫಜ್ರ್‌ಗೆ ಮುಂಚೆ ಐವರಿಗೂ ಒಟ್ಟಿಗೆ ಬಾತ್‌ರೂಮ್ ಬೇಕು. ರಾತ್ರಿ ಎರಡು ಮೂರು ಬಾರಿ ಎದ್ದರೆ ಉಳಿದವರ ನಿದ್ದೆ ಕೆಡುತ್ತದೆ ಎಂಬ ಅಂಜಿಕೆ. ಕೆಳಗಿಳಿದರೆ, ನಮಾಝ್ ಮುಗಿದ ಮೇಲೆ ಲಿಫ್ಟ್ ಮುಂದೆ ಉದ್ದನೆಯ ಸಾಲು. ಆಗ ಆ ತಾಯಿ ಯಾರಿಗೂ ಹೇಳದೆ ಒಂದು ಉಪಾಯ ಮಾಡುತ್ತಾರೆ: ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ.

ಮರುಭೂಮಿಯ ಒಣ ಸೆಕೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ದೇಹದ ನೀರು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ಸಫಾ-ಮರ್ವಾ ನಡುವಿನ ಸಈಯಲ್ಲೇ ಸುಮಾರು 3 ಕಿ.ಮೀ. ನಡಿಗೆ ಆಗುತ್ತದೆ. ಅದರ ಮೇಲೆ ನೀರು ಬಿಟ್ಟರೆ ಮೂತ್ರದ ಉರಿ ಮತ್ತು ಸೋಂಕು, ಮಲಬದ್ಧತೆ, ಮೂಲವ್ಯಾಧಿ, ತಲೆಸುತ್ತು, ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಏರುವುದು, ಎಲ್ಲವೂ ಸಾಲಾಗಿ ಬರುತ್ತವೆ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು ಮೂತ್ರ ತಡೆಹಿಡಿದರೆ ಪೂರ್ತಿ ಕಟ್ಟಿಕೊಂಡು ಆಸ್ಪತ್ರೆ ಸೇರಬೇಕಾಗಬಹುದು. ಉಮ್ರಾ ಮುಗಿಸಿ ಬಂದು ನನ್ನ ದವಾಖಾನೆಗೆ ಬರುವ ಹಿರಿಯರು ‘ಅಲ್ಲಿನ ಹವೆ ಹಿಡಿಸಲಿಲ್ಲ ಹಕೀಮ್ ಸಾಹೇಬ್’ ಎನ್ನುತ್ತಾರೆ. ಸ್ವಲ್ಪ ಬಿಡಿಸಿ ಕೇಳಿದರೆ ಅನೇಕರ ವಿಷಯದಲ್ಲಿ ಹವೆಯದ್ದಲ್ಲ, ಬಾತ್‌ರೂಮಿನದ್ದೇ ತಕರಾರು ಎಂದು ತಿಳಿಯುತ್ತದೆ.

ಆದ್ದರಿಂದ ಪ್ಯಾಕೇಜ್ ಮಾತನಾಡುವಾಗ ನಾಚಿಕೆ ಬಿಟ್ಟು ಕೇಳಿ: ಎಷ್ಟು ಜನಕ್ಕೆ ಒಂದು ಬಾತ್‌ರೂಮ್? ಕಮೋಡ್ ಇದೆಯೇ? ಮೊಣಕಾಲು ನೋವಿನವರಿಗೆ ಇದು ಸಣ್ಣ ವಿಷಯವಲ್ಲ. ಹಿರಿಯರಿಗೆ ಬಾತ್‌ರೂಮ್ ಬಾಗಿಲ ಹತ್ತಿರದ ಮಂಚ ಕೊಡಿಸುವಂತೆ ಗ್ರೂಪಿನ ಅಮೀರ್‌ಗೆ ಮೊದಲೇ ಹೇಳಿ. ಹಣ ಸ್ವಲ್ಪ ಕೂಡಿಬಂದರೆ, ಹರಮ್‌ಗೆ 200 ಮೀಟರ್ ಹತ್ತಿರ ಹೋಗಲು ಖರ್ಚು ಮಾಡುವ ಬದಲು ಐವರ ರೂಮನ್ನು ಮೂವರದ್ದಾಗಿ ಮಾಡಿಕೊಳ್ಳಲು ಖರ್ಚು ಮಾಡಿ ಎಂಬುದು ನನ್ನ ಸಲಹೆ.

ದೂರಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಒಂದು ಕಿ.ಮೀ. ದೂರದ ರೂಮಿನಿಂದ ಐದು ಹೊತ್ತೂ ಹೋಗಿ ಬಂದರೆ ದಿನಕ್ಕೆ 10 ಕಿ.ಮೀ. ಆಗುತ್ತದೆ. ಆದರೆ ಇದನ್ನು ಯೋಜನೆಯಿಂದ ತಗ್ಗಿಸಬಹುದು. ಅಸರ್‌ಗೆ ಹೋದವರು ಇಶಾ ಮುಗಿಸಿಯೇ ಮರಳಲಿ. ಹತ್ತು ಜನಕ್ಕೆ ಇರುವ ಒಂದು ಬಾತ್‌ರೂಮನ್ನು ಯಾವ ಯೋಜನೆಯಿಂದಲೂ ಎರಡು ಮಾಡಲಾಗದು.

ಮುಚ್ಚಿದ ಕೋಣೆಯ ಗಾಳಿ

ಅಬೂಬಕರ್ ಅಲ್ ರಾಝಿಯವರಿಗೆ ಬಗ್ದಾದ್‌ನಲ್ಲಿ ಆಸ್ಪತ್ರೆಗೆ ಜಾಗ ಆರಿಸುವ ಕೆಲಸ ಬಂದಾಗ, ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ಅದು ನಿಧಾನವಾಗಿ ಕೆಡುತ್ತದೋ ಆ ಜಾಗವನ್ನು ಆರಿಸಿದರು ಎಂಬ ಕಥೆಯನ್ನು ನಮ್ಮ ತರಗತಿಗಳಲ್ಲಿ ಹೇಳುತ್ತಾರೆ. ಕಥೆಯ ತಿರುಳು ಇಷ್ಟೇ: ಇರುವ ಜಾಗದ ಗಾಳಿಯನ್ನು ಮೊದಲು ನೋಡು.

ಹೋಟೆಲ್ ರೂಮಿನ ಎ.ಸಿ. ಹೊರಗಿನ ಹೊಸ ಗಾಳಿ ತರುತ್ತದೆ ಎಂದು ಹಲವರ ನಂಬಿಕೆ. ಗೋಡೆಗೆ ಹಾಕಿದ ಸಾಮಾನ್ಯ ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ. ಐವರಲ್ಲಿ ಒಬ್ಬರು ಕೆಮ್ಮಿದರೂ ಆ ಗಾಳಿ ಐವರಿಗೂ ಪಾಲು. ನಮ್ಮವರು ‘ಉಮ್ರಾ ಕೆಮ್ಮು’ ಎಂದು ಕರೆಯುವುದರಲ್ಲಿ ಜನಜಂಗುಳಿಯ ಪಾಲು ಎಷ್ಟೋ, ಈ ಮುಚ್ಚಿದ ಕೋಣೆಯ ಪಾಲೂ ಅಷ್ಟೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ದಿನಕ್ಕೆ ಎರಡು ಮೂರು ಬಾರಿ, ಹತ್ತು ನಿಮಿಷವಾದರೂ ಕಿಟಕಿ ತೆರೆಯಿರಿ. ಕಿಟಕಿ ತೆರೆಯದಿದ್ದರೆ ಎಲ್ಲರೂ ಹೊರಹೋಗುವ ಹೊತ್ತಿಗೆ ಬಾತ್‌ರೂಮಿನ ಫ್ಯಾನ್ ಹಾಕಿಡಿ. ಸುಡುಬಿಸಿಲಿನಿಂದ ಬೆವರಿ ಬಂದು 18 ಡಿಗ್ರಿಯ ಗಾಳಿಗೆ ಎದೆ ಕೊಡಬೇಡಿ. 25-26ರಲ್ಲಿ ಇಟ್ಟರೆ ಎಲ್ಲರಿಗೂ ಹಿತ. ಕೆಮ್ಮುವವರು ರೂಮಿನ ಒಳಗೂ ಮಾಸ್ಕ್ ಹಾಕಲಿ, ತಲೆ-ಕಾಲು ಅದಲುಬದಲಾಗಿ ಮಲಗಲಿ.

ಚುಚ್ಚುಮದ್ದಿನ ವಿಷಯದಲ್ಲಿ ನಿರ್ಲಕ್ಷ್ಯ ಬೇಡ. 2000 ಮತ್ತು 2001ರ ಹಜ್ ಕಾಲದಲ್ಲಿ ಮೆನಿಂಜೈಟಿಸ್ ಹರಡಿ, ಮರಳಿದ ಯಾತ್ರಿಕರಿಂದ ಹಲವು ದೇಶಗಳಲ್ಲಿ ಅವರ ಮನೆಯವರಿಗೂ ತಗುಲಿತು. ಅನಂತರ ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಬಗೆಗಳ ವಿರುದ್ಧದ ಲಸಿಕೆಯನ್ನು ಸೌದಿ ಅರೇಬಿಯಾ ಯಾತ್ರಿಕರಿಗೆ ಕಡ್ಡಾಯ ಮಾಡಿತು. ಅಲ್ಲಿ ತಲಪುವ ಕನಿಷ್ಠ 10 ದಿನ ಮೊದಲು ಇದನ್ನು ಹಾಕಿಸಿಕೊಳ್ಳಬೇಕು. ಲಸಿಕೆ ಹಾಕಿಸದೆ ಕಾರ್ಡ್ ಮಾತ್ರ ‘ಮಾಡಿಸಿಕೊಡುವ’ ಜನ ಇದ್ದಾರೆ ಎಂದು ಕೇಳುತ್ತೇನೆ. ಕಾರ್ಡ್ ವಿಮಾನ ಹತ್ತಿಸೀತು, ರೋಗ ತಡೆಯದು. ಹಿರಿಯರಿಗೆ ಮತ್ತು ಸಕ್ಕರೆ, ಅಸ್ತಮಾ ಇರುವವರಿಗೆ ಫ್ಲೂ ಲಸಿಕೆಯನ್ನೂ ಕೊಡಿಸಿ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಜೋಶಾಂದ ಗಂಟಲಿಗೆ ಹಿತ ಕೊಡುತ್ತದೆ, ಆದರೆ ಮೆನಿಂಜೈಟಿಸ್ ತಡೆಯುವುದಿಲ್ಲ.

ಮೊದಲ ಕಾಲು ಗಂಟೆ

ದಣಿದು ಬಂದವರು ರೂಮಿಗೆ ಕಾಲಿಟ್ಟ ಕೂಡಲೇ ಬ್ಯಾಗನ್ನು ಮಂಚದ ಮೇಲೆ ಎಸೆದು ಒರಗುತ್ತಾರೆ. ಕಾಲು ಗಂಟೆ ತಡೆಯಿರಿ.

ಬ್ಯಾಗನ್ನು ಬಾತ್‌ರೂಮಿನ ಒಣ ನೆಲದ ಮೇಲೆ ಅಥವಾ ಬಾಗಿಲ ಬಳಿ ಇಟ್ಟು, ಬೆಡ್‌ಶೀಟ್ ಎತ್ತಿ ಹಾಸಿಗೆಯ ಹೊಲಿಗೆಗಳನ್ನೂ ಮಂಚದ ತಲೆಭಾಗದ ಸಂದುಗಳನ್ನೂ ಮೊಬೈಲ್ ಬೆಳಕಿನಲ್ಲಿ ನೋಡಿ. ಸಣ್ಣ ಕಪ್ಪು ಚುಕ್ಕೆಗಳು, ರಕ್ತದ ಕಲೆ, ಒಣಗಿದ ಸಿಪ್ಪೆಯಂತಹದ್ದು ಕಂಡರೆ ಅದು ತಿಗಣೆ. ಬೇರೆ ರೂಮ್ ಕೇಳಿ. ತಿಗಣೆ ರೋಗ ಹರಡುವುದಿಲ್ಲ, ಆದರೆ ನಿದ್ದೆ ಕಸಿಯುತ್ತದೆ, ತುರಿಸಿದಲ್ಲಿ ಹುಣ್ಣಾಗುತ್ತದೆ, ಬ್ಯಾಗಿನಲ್ಲಿ ಕೂತು ನಿಮ್ಮ ಮನೆಗೂ ಬರುತ್ತದೆ. ಮಲಗುವ ಮುನ್ನ ಹಾಸಿಗೆಯನ್ನು ಕೊಡವುವುದು ಪ್ರವಾದಿ(ಸ)ರು ಕಲಿಸಿದ ಶಿಸ್ತು. ಪರಸ್ಥಳದ ಹಾಸಿಗೆಯಲ್ಲಿ ಅದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಇನ್ನೊಂದು, ಕಜ್ಜಿ. ಹಿಂದಿನವರ ಹೊದಿಕೆ, ಟವೆಲ್ ಬಳಸಿದರೆ, ಹತ್ತಿರ ಹತ್ತಿರ ಮಲಗಿದರೆ ಕಜ್ಜಿಯ ಹುಳು ದಾಟಬಹುದು. ಮೊದಲ ಬಾರಿ ತಗುಲಿದವರಿಗೆ ತುರಿಕೆ ಶುರುವಾಗುವುದು ಹಲವು ವಾರಗಳ ನಂತರ. ಅಷ್ಟರಲ್ಲಿ ಊರಿಗೆ ಬಂದು ಮೊಮ್ಮಕ್ಕಳನ್ನು ಮಡಿಲಲ್ಲಿ ಮಲಗಿಸಿ ಆಗಿರುತ್ತದೆ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದಿನಲ್ಲಿ ಗುಳ್ಳೆ ಕಂಡರೆ ಅಡಗಿಸಬೇಡಿ. ಮನೆಯವರೆಲ್ಲರಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು, ಬಟ್ಟೆ-ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಆದ್ದರಿಂದ ಒಂದು ತೆಳು ಬೆಡ್‌ಶೀಟ್, ದಿಂಬಿನ ಕವರ್, ಸ್ವಂತ ಟವೆಲ್, ರಬ್ಬರ್ ಚಪ್ಪಲಿ ಬ್ಯಾಗಿನಲ್ಲಿರಲಿ. ಒಂದು ಕಿಲೋ ಭಾರವೂ ಆಗದು. ಸಕ್ಕರೆ ಕಾಯಿಲೆಯವರು ಬಾತ್‌ರೂಮಿಗೆ ಬರಿಗಾಲಲ್ಲಿ ಹೋಗಲೇಬಾರದು.

ಬಾತ್‌ರೂಮಿನ ನಲ್ಲಿ ಮತ್ತು ಶವರನ್ನು ತೆರೆದು, ಹೊರಗೆ ನಿಂತು, ಕೆಲವು ನಿಮಿಷ ನೀರು ಹರಿಯಲು ಬಿಡಿ. ಬಹಳ ದಿನ ಖಾಲಿ ಇದ್ದ ರೂಮಿನ ಪೈಪುಗಳಲ್ಲಿ ನಿಂತ ನೀರು ಹೋಗಲಿ. ಮೇಲೆ ಹೇಳಿದ ಲೀಜನೆಲ್ಲಾದ ಅಪಾಯ ತಗ್ಗಿಸಲು ಇದೊಂದು ಸುಲಭ ಕ್ರಮ.

ಔಷಧಿಯ ಚೀಲ

ನಿತ್ಯದ ಮಾತ್ರೆಗಳು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿರಲಿ. ಇನ್ಸುಲಿನ್ ಇಡಲು ಫ್ರಿಜ್ ಇದೆಯೇ ಎಂದು ಮೊದಲೇ ಕೇಳಿ, ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಮಲಬದ್ಧತೆಗೆ ಇಸಬ್‌ಗೋಲ್ ಒಳ್ಳೆಯದು, ಆದರೆ ಅದರೊಂದಿಗೆ ಧಾರಾಳವಾಗಿ ನೀರು ಕುಡಿಯಲೇಬೇಕು. ನೀರಿಲ್ಲದೆ ತಿಂದರೆ ತೊಂದರೆ ಹೆಚ್ಚಾಗುತ್ತದೆ. ಖಮೀರ, ಮಾಜೂನ್, ಲಊಕ್‌ಗಳಲ್ಲಿ ಸಕ್ಕರೆ ಅಥವಾ ಜೇನು ಇರುತ್ತದೆಂದು ಸಕ್ಕರೆ ಕಾಯಿಲೆಯವರು ಮರೆಯಬಾರದು. ಯುನಾನಿ ಔಷಧಿ ಒಯ್ಯುವವರಿಗೆ ವಿಶೇಷ ಎಚ್ಚರಿಕೆ: ಕೆಲವು ಕೆಮ್ಮಿನ, ನಿದ್ದೆಯ ಔಷಧಿಗಳಲ್ಲಿ ‘ಖಶ್‌ಖಾಶ್’ ಇರುತ್ತದೆ, ಅಂದರೆ ಗಸಗಸೆ. ಸೌದಿಯಲ್ಲಿ ಅದು ನಿಷಿದ್ಧ. ಅಡುಗೆಯ ಮಸಾಲೆಯಲ್ಲೂ ಗಸಗಸೆ ಇರದಿರಲಿ. ಡಬ್ಬಿಯ ಮೇಲಿನ ಪಟ್ಟಿ ಓದಿ, ಸಂಶಯವಿದ್ದರೆ ಬಿಟ್ಟು ಹೋಗಿ. ಹೆಸರಿಲ್ಲದ ಪುಡಿಗಳ ಪೊಟ್ಟಣ ಯಾವ ದೇಶಕ್ಕೂ ಒಯ್ಯಬೇಡಿ.

ಕಷ್ಟ ಮತ್ತು ಪುಣ್ಯ

ಇಷ್ಟು ಹೇಳಿದಾಗ ಕೆಲವರು, ‘ಡಾಕ್ಟ್ರೇ, ಅಲ್ಲಾಹನ ಮನೆಗೆ ಹೋಗುವವರು ಕಷ್ಟ ಸಹಿಸಬೇಕು, ಸಹನೆಗೆ ಪುಣ್ಯವಿದೆ’ ಎನ್ನುತ್ತಾರೆ. ಮಾತು ನಿಜ. ಆದರೆ ದಾರಿಯಲ್ಲಿ ತಾನಾಗಿ ಬಂದ ಕಷ್ಟ ಬೇರೆ, ನಾವು ವಿಚಾರಿಸದೆ ಇನ್ನೊಬ್ಬರಿಗೆ ಕೊಂಡುಕೊಟ್ಟ ಕಷ್ಟ ಬೇರೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಕುಳಿತು ಮೊಬೈಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಪ್ಯಾಕೇಜ್ ಆರಿಸಿ, ‘ಉಮ್ಮ ಎಲ್ಲಾದರೂ ಹೊಂದಿಕೊಳ್ಳುತ್ತಾರೆ’ ಎನ್ನುವ ಮಗ, ಸಹನೆಯ ಕೆಲಸವನ್ನು ತಾಯಿಗೆ ಒಪ್ಪಿಸಿ ಪುಣ್ಯವನ್ನು ತಾನು ಬರೆಸಿಕೊಳ್ಳಲಾಗದು. ತಾಯಂದಿರು ಹೊಂದಿಕೊಳ್ಳುತ್ತಾರೆ, ನಿಜ. ಆದರೆ ಅದಕ್ಕೆ ಬೆಲೆ ಕೊಡುವುದು ಅವರ ಮೂತ್ರಪಿಂಡ, ಮೊಣಕಾಲು, ನಿದ್ದೆ.

ರೂಮ್ ಹಂಚಿಕೊಳ್ಳುವ ಉಳಿದ ನಾಲ್ವರಿಗೂ ಒಂದು ಮಾತು. ನಿಮ್ಮ ರೂಮಿನ ಹಿರಿಯರಿಗೆ ಮೊದಲ ದಿನವೇ ಹೇಳಿ, ‘ಅಜ್ಜಿ, ರಾತ್ರಿ ಎಷ್ಟು ಸಲ ಬೇಕಾದರೂ ಏಳಿ, ನಮಗೆ ತೊಂದರೆಯಿಲ್ಲ.’ ಬಾತ್‌ರೂಮಿನ ನೆಲ ಒರಸಿ ಹೊರಬನ್ನಿ. ಒಂದು ಸಣ್ಣ ದೀಪ ಉರಿಯಲು ಬಿಡಿ. ಆ ರಾತ್ರಿ ಅವರು ಧೈರ್ಯದಿಂದ ಒಂದು ಲೋಟ ನೀರು ಹೆಚ್ಚು ಕುಡಿದರೆ, ಅದಕ್ಕಿಂತ ಒಳ್ಳೆಯ ಔಷಧಿ ನನ್ನ ದವಾಖಾನೆಯಲ್ಲಿಲ್ಲ.

ಮುಂದಿನ ಬಾರಿ ಟ್ರಾವೆಲ್ಸ್‌ನವರ ಎದುರು ಕುಳಿತಾಗ ಮೀಟರ್ ಕೇಳಿ, ಊಟವನ್ನೂ ಕೇಳಿ. ಜೊತೆಗೆ ಇನ್ನೂ ನಾಲ್ಕು ಕೇಳಿ: ರೂಮಿಗೆ ಎಷ್ಟು ಜನ, ಎಷ್ಟು ಜನಕ್ಕೆ ಒಂದು ಬಾತ್‌ರೂಮ್, ಕಿಟಕಿ ತೆರೆಯುತ್ತದೆಯೇ, ಲಿಫ್ಟ್ ಎಷ್ಟು. ಉತ್ತರವನ್ನು ಬರೆದು ಕೊಡಲು ಹೇಳಿ. ಹತ್ತು ಜನ ಹೀಗೆ ಕೇಳತೊಡಗಿದರೆ ಹನ್ನೊಂದನೆಯವರಿಗೆ ಟ್ರಾವೆಲ್ಸ್‌ನವರೇ ಮೊದಲಾಗಿ ಹೇಳತೊಡಗುತ್ತಾರೆ.