ಬಾಗಿಲು ತೆರೆಯಿತು, ಲಿಫ್ಟ್ ಇರಲಿಲ್ಲ

ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ಕ್ಯಾಬಿನ್ನೇ ಇಲ್ಲ. ಕಾಲಿಟ್ಟವರು ನೇರ ಗುಂಡಿಗೆ. ಆಮೇಲೆ ಮೊದಲು ಕೇಳಿಬರುವ ಮಾತು, 'ನೋಡಿಕೊಂಡು ಹತ್ತಬಾರದಿತ್ತೇ?' ಕಾನೂನು ಶುರುವಾಗುವುದು ಅಲ್ಲಿಂದಲ್ಲ. ಕ್ಯಾಬಿನ್ ಬಂದು ನಿಲ್ಲದೆ ಹೊರಬಾಗಿಲು ತೆರೆಯದಂತೆ ತಡೆಯುವುದಕ್ಕೇ ಇಂಟರ್‌ಲಾಕ್ ಇರುತ್ತದೆ. ತೆರೆಯಿತೆಂದರೆ ಒಂದೋ ಅದು ಕೆಟ್ಟಿದೆ, ಇಲ್ಲವೇ ಯಾರೋ ಅದನ್ನು ತಪ್ಪಿಸಿಟ್ಟಿದ್ದಾರೆ.

ತಪ್ಪಿಲ್ಲವೆಂದು ತೋರಿಸುವ ಹೊಣೆ ಯಾರದು ಎಂಬುದಕ್ಕೆ ಹಳೆಯ ತೀರ್ಪೊಂದಿದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತರು. ಅಂಥ ಗೋಪುರ ಸುಮ್ಮನೆ ಬೀಳುವುದಿಲ್ಲ, ತನ್ನ ತಪ್ಪಿಲ್ಲವೆಂದು ತೋರಿಸಬೇಕಾದದ್ದು ಅದರ ಒಡೆತನ ಹೊಂದಿದ್ದ ನಗರಪಾಲಿಕೆಯೇ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಖಾಲಿ ಗುಂಡಿಯ ಮುಂದೆ ತೆರೆದ ಬಾಗಿಲಿಗೂ ಈ ತರ್ಕ ಒಪ್ಪುತ್ತದೆ.

ಎಸ್ಕಲೇಟರಿನ ವಿಷಯ ಇಷ್ಟು ಸಲೀಸಲ್ಲ. ಮೆಟ್ಟಿಲಿನ ಎರಡೂ ಬದಿಗಿರುವ ಬ್ರಷ್ಷು ಶೂ ಉಜ್ಜಿಕೊಳ್ಳಲು ಇಟ್ಟದ್ದಲ್ಲ. ಪಾದ, ಸೀರೆಯ ಅಂಚು ಸಂದಿಗೆ ಸಿಗದಂತೆ ದೂರವಿಡಲು. ಬ್ರಷ್ಷು ಕಿತ್ತುಹೋಗಿ ಮಗುವಿನ ಚಪ್ಪಲಿ ಸಿಕ್ಕಿಕೊಂಡರೆ ಮಾಲಿನವರು ಉತ್ತರಿಸಬೇಕು. ಮಗು ಅಂಚಿನಲ್ಲಿ ಆಡುತ್ತಿತ್ತು ಎಂದು ಅವರು ವಾದಿಸುತ್ತಾರೆ. ಮಗು ತೀರ ಚಿಕ್ಕದಲ್ಲದೆ, ಆ ಮಾತು ನಿಜವೂ ಆದರೆ ಪರಿಹಾರ ತಗ್ಗಬಹುದು.

ಅಪಾರ್ಟ್‌ಮೆಂಟಿನಲ್ಲಿ ನಿವಾಸಿಗಳ ಸಂಘ ವಾರ್ಷಿಕ ನಿರ್ವಹಣೆಯ ಗುತ್ತಿಗೆ (ಎಎಂಸಿ) ಹಿಡಿದ ಕಂಪನಿಯತ್ತ, ಕಂಪನಿ ತಯಾರಕರತ್ತ, ತಯಾರಕರು ಮತ್ತೆ ಸಂಘದತ್ತ ಬೆರಳು ತೋರಿಸುವುದು ಮಾಮೂಲು. ಈ ಜಗಳ ಬಗೆಹರಿಸುವುದು ಗಾಯಾಳುವಿನ ಕೆಲಸವಲ್ಲ. ಎಲ್ಲರನ್ನೂ ಎದುರುದಾರರನ್ನಾಗಿ ಮಾಡಿ, ಹೊಣೆ ಹಂಚುವುದನ್ನು ವಿಚಾರಣೆ ನಡೆಸುವ ಪೀಠಕ್ಕೆ ಬಿಡುವುದು ಜಾಣತನ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. ಮಾಲಿನಲ್ಲಿ ಏನಾದರೂ ಕೊಂಡಿದ್ದರೆ ಆ ಬಿಲ್ ಎಸೆಯಬೇಡಿ, 'ಇವರು ನಮ್ಮ ಗ್ರಾಹಕರೇ ಅಲ್ಲ' ಎಂಬ ಮಾತಿಗೆ ಅದೇ ಉತ್ತರ. ಬಿಲ್ ಇಲ್ಲದವರಿಗೆ ಸಿವಿಲ್ ಕೋರ್ಟ್ ಇದೆ. ರಿಪೇರಿಗೆ ಇಳಿದು ಪೆಟ್ಟಾದ ಮೆಕ್ಯಾನಿಕ್‌ಗೆ ಕಾರ್ಮಿಕ ಪರಿಹಾರದ ದಾರಿಯೇ ಬೇರೆ.

ಕರ್ನಾಟಕದಲ್ಲಿ ಲಿಫ್ಟ್ ಓಡಿಸಲು ಲೈಸೆನ್ಸ್ ಬೇಕು. ಇದು ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿ. ಲೈಸೆನ್ಸ್ ಚಾಲ್ತಿಯಲ್ಲಿತ್ತೇ, ಸರ್ವೀಸ್ ಪುಸ್ತಕದಲ್ಲಿ ಕೊನೆಯ ಸಹಿ ಯಾವತ್ತಿನದು, ಬಾಗಿಲು ಕೆಟ್ಟಿದೆ ಎಂದು ನಿವಾಸಿಗಳು ಮೊದಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿದ್ದರೇ? ದಾವೆ ನಿಲ್ಲುವುದು ಇವುಗಳ ಮೇಲೆ. ಸಿಸಿಟಿವಿ ದೃಶ್ಯವಂತೂ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಗಾಯಾಳು ಆಸ್ಪತ್ರೆಯಲ್ಲಿರುವಾಗಲೇ ಮನೆಯವರೊಬ್ಬರು ಪೊಲೀಸರಿಗೆ ದೂರು ಕೊಟ್ಟು, ದೃಶ್ಯ ಉಳಿಸಿಡಿ ಎಂದು ಕಟ್ಟಡದವರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಲಿ.