ಬರಿ ಡಿಸ್ಕಿನ ಮೋಹ

ಭಾಂಡುಪ್‌ನಲ್ಲಿರುವ ಪಾಲಿಕೆಯ ಶುದ್ಧೀಕರಣ ಕೇಂದ್ರದಿಂದ ಹೊರಟ ನೀರು ಹೌಸಿಂಗ್ ಸೊಸೈಟಿಯ ನಲ್ಲಿಗೆ ನೇರ ಬರುವುದಿಲ್ಲ. ಮೊದಲು ನೆಲದಡಿಯ ಟಾಂಕಿ, ಆಮೇಲೆ ಪಂಪು, ಆಮೇಲೆ ತಾರಸಿಯ ಟಾಂಕಿ. ಯುನಿಕ್ಸ್ ಸರ್ವರಿನಲ್ಲಿ ಡೇಟಾಬೇಸಿನ ಮಾಹಿತಿಯೂ ಹೀಗೆಯೇ ಎರಡು ಕಡೆ ತಂಗುತ್ತದೆ: ಡೇಟಾಬೇಸಿನ ಸ್ವಂತ ಬಫರಿನಲ್ಲೊಮ್ಮೆ, ಆಪರೇಟಿಂಗ್ ಸಿಸ್ಟಂನ ಕ್ಯಾಶ್‌ನಲ್ಲಿ ಇನ್ನೊಮ್ಮೆ. ಮೆಮೊರಿ ದಂಡ. ಮೇಲಾಗಿ, ‘ಬರೆದಾಯಿತು’ ಎಂದು ಸಿಸ್ಟಂ ಹೇಳಿದ್ದು ನಿಜವಾಗಿ ಡಿಸ್ಕಿಗೆ ಇಳಿಯಿತೋ ಇಲ್ಲವೋ ಎಂಬ ಅನುಮಾನ.

ಆಪರೇಟಿಂಗ್ ಸಿಸ್ಟಂನ ಈ ಉಪಚಾರ ಡೇಟಾಬೇಸಿಗೆ ಒಗ್ಗುವುದಿಲ್ಲವೆಂದು ಮೈಕೆಲ್ ಸ್ಟೋನ್‌ಬ್ರೇಕರ್ 1981ರಲ್ಲೇ ವಾದಿಸಿದ್ದರು. ಒರಾಕಲ್, ಸೈಬೇಸ್, ಇನ್‌ಫಾರ್ಮಿಕ್ಸ್ ಬಳಸುತ್ತಿದ್ದ ಎಷ್ಟೋ ಕಡೆ ಫೈಲ್ ಸಿಸ್ಟಂ ಇಲ್ಲದ ರಾ ಪಾರ್ಟಿಷನ್ನನ್ನೇ ಡೇಟಾಬೇಸಿನ ಕೈಗೆ ಒಪ್ಪಿಸುತ್ತಿದ್ದರು. (ಈ ‘ರಾ’ವನ್ನು ‘ಕಚ್ಚಾ’ ಎಂದರೆ ಅರ್ಥ ಕೆಡುತ್ತದೆ. ಇದು ಬೇಯದ್ದಲ್ಲ, ಬರಿಯದ್ದು. ಬರಿ ನೆಲ ಅನ್ನುತ್ತೇವಲ್ಲ, ಹಾಗೆ.)

ವೇಗ ಸಿಗುತ್ತಿದ್ದುದು ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ತೆರುವವರು ಆಮೇಲೆ ಬರುವವರು. ಸಣ್ಣದೊಂದು ಪತ್ತಿನ ಸಂಘದ ಸರ್ವರನ್ನು ನೆನೆಯಿರಿ. ರಾ ಪಾರ್ಟಿಷನ್‌ನಲ್ಲಿ ಫೈಲಿನ ಹೆಸರಿಲ್ಲ, ತಾರೀಖಿಲ್ಲ, ಎಷ್ಟು ತುಂಬಿದೆಯೆಂಬ ಲೆಕ್ಕವಿಲ್ಲ. ಫೈಲುಗಳನ್ನಷ್ಟೇ ನಕಲು ಮಾಡುವ ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟು ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಹೊಸ ಅಡ್ಮಿನ್ ಬರುತ್ತಾನೆ, ಮೌಂಟ್ ಆಗದ ಪಾರ್ಟಿಷನ್ ಕಾಣುತ್ತಾನೆ, ಖಾಲಿ ಬಿದ್ದಿದೆ ಎಂದುಕೊಂಡು ಫಾರ್ಮ್ಯಾಟ್ ಮಾಡುತ್ತಾನೆ. ಸಂಘದ ಅಷ್ಟೂ ವರ್ಷಗಳ ಖಾತೆಗಳು ಅಲ್ಲಿದ್ದವು. ಅವನನ್ನು ಬೈದು ಏನು ಫಲ? ಸೋಲಾರಿಸ್‌ನಲ್ಲಂತೂ ಸೊನ್ನೆಯ ಸಿಲಿಂಡರಿನಿಂದ ಶುರುವಾಗುವ ಪಾರ್ಟಿಷನ್ ಕೊಟ್ಟರೆ ಡೇಟಾಬೇಸು ಡಿಸ್ಕಿನ ಲೇಬಲ್ಲಿನ ಮೇಲೆಯೇ ಬರೆದುಬಿಡಬಹುದಿತ್ತು. ಯಂತ್ರವನ್ನು ಮತ್ತೆ ಚಾಲೂ ಮಾಡುವ ದಿನದವರೆಗೂ ಅದು ಗೊತ್ತಾಗದೆ ಇರಬಹುದು.

ಈಗ ಈ ಹಟಕ್ಕೆ ಕಾರಣವೂ ಉಳಿದಿಲ್ಲ. ಫೈಲನ್ನು ಫೈಲಾಗಿಯೇ ಇಟ್ಟು ಕ್ಯಾಶನ್ನು ಮಾತ್ರ ಬದಿಗಿಡುವ ಓ_ಡೈರೆಕ್ಟ್ ಲಿನಕ್ಸ್‌ನಲ್ಲಿ 2001ರಿಂದ ಇದೆ. ಒರಾಕಲ್ 2013ರ 12ಸಿ ಆವೃತ್ತಿಯಲ್ಲಿ ರಾ ಡಿವೈಸಿನ ಬೆಂಬಲ ನಿಲ್ಲಿಸಿತು; ಲಿನಕ್ಸ್ 2021ರಲ್ಲಿ ತನ್ನ ರಾ ಡ್ರೈವರನ್ನೇ ತೆಗೆದುಹಾಕಿತು.

ಹಾಗೆಂದು ಹಳಬರ ಅನುಮಾನ ಹುಸಿಯಾಗಿರಲಿಲ್ಲ. ಡಿಸ್ಕಿಗೆ ಬರೆಯಲಾಗದ ದೋಷವನ್ನು ಲಿನಕ್ಸ್ ಒಮ್ಮೆ ತಿಳಿಸಿ, ಮರಳಿ ಕೇಳಿದಾಗ ‘ಎಲ್ಲ ಸರಿ’ ಎನ್ನಬಹುದೆಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗವನ್ನು ಬೆಚ್ಚಿಬೀಳಿಸಿತು. ಮರುವರ್ಷದಿಂದ ಪೋಸ್ಟ್‌ಗ್ರೆಸ್ ಅಂಥ ದೋಷ ಕಂಡೊಡನೆ ತಾನೇ ನಿಂತು, ಲಾಗ್‌ನಿಂದ ಮತ್ತೆ ಲೆಕ್ಕ ಕಟ್ಟಿಕೊಳ್ಳುತ್ತದೆ. ಇದು ಒಪ್ಪುವಂಥ ದಾರಿ.

ಇಷ್ಟರ ಮೇಲೂ ಬರಿ ಡಿಸ್ಕೇ ಬೇಕೆನ್ನುವವರು ಎಲ್‌ವಿಎಂನಲ್ಲಿ ಅರ್ಥವಾಗುವ ಹೆಸರಿಟ್ಟು ವಾಲ್ಯೂಮ್ ಮಾಡಲಿ; ಯಾವುದರಲ್ಲಿ ಏನಿದೆ ಎಂದು ಕಾಗದದ ಮೇಲೆ ಬರೆದು ಸರ್ವರಿನ ಮೈಗೆ ಅಂಟಿಸಲಿ.